ಪಿಯು ವಿದ್ಯಾರ್ಥಿಗೆ ಪದವಿ ತರಗತಿ: ಡಿಪ್ಲೊಮಾ ಲ್ಯಾಟರಲ್ ಎಂಟ್ರಿ ನುಡಿಯುವ ಸಾಕ್ಷ್ಯ

ಪಿಯುಸಿ ಓದುತ್ತಿರುವವರು ಅದೇ ಅವಧಿಯಲ್ಲಿ ಪದವಿ ಮಟ್ಟದ ಒಂದೆರಡು ವಿಷಯಗಳನ್ನು ಓದಿ ಪರೀಕ್ಷೆ ಬರೆಯಬಹುದೇ? ಮುಂದೆ ಪದವಿಗೆ ಸೇರಿದಾಗ ಆ ಕ್ರೆಡಿಟ್ಟು ಲೆಕ್ಕಕ್ಕೆ ಬರಬೇಕೇ? ಅಮೆರಿಕದ ಮಿನೆಸೋಟಾ ರಾಜ್ಯ 1985ರಲ್ಲಿ, ವಾಷಿಂಗ್ಟನ್ ರಾಜ್ಯ 1990ರಲ್ಲಿ ಕಾನೂನು ಮಾಡಿ ಇದಕ್ಕೆ ದಾರಿ ತೆರೆದವು. ಅಲ್ಲಿನ ಹೈಸ್ಕೂಲು ಮಕ್ಕಳು ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಗಳಿಸಿದ ಕ್ರೆಡಿಟ್ಟು ಶಾಲೆಗೂ ಸಲ್ಲುತ್ತದೆ, ಕಾಲೇಜಿಗೂ ಸಲ್ಲುತ್ತದೆ. ನಮ್ಮಲ್ಲಿ ಮಾತ್ರ ಹನ್ನೆರಡನೆಯ ತರಗತಿ ಮುಗಿಯುವವರೆಗೆ ವಿಶ್ವವಿದ್ಯಾಲಯದ ಮಾತೇ ಇಲ್ಲ ಎಂಬುದು ರೂಢಿಯ ಉತ್ತರ. ಅದರ ಹಿಂದೆ ನೂರು ವರ್ಷಗಳ ಆಯೋಗಗಳ ಪರಂಪರೆಯಿದೆ. ಆ ಪರಂಪರೆಯ ಬಹುಪಾಲನ್ನು ಒಪ್ಪಿಕೊಂಡೇ ಅದರ ಒಂದು ತೀರ್ಮಾನವನ್ನು ಮರುಪರಿಶೀಲಿಸುವುದು ಈ ಲೇಖನದ ಉದ್ದೇಶ. ಅದಕ್ಕೆ ಆಧಾರವಾಗಿ ನಮ್ಮ ರಾಜ್ಯದಲ್ಲೇ ಬಹುಕಾಲದಿಂದ ನಡೆದುಬಂದಿರುವ ಡಿಪ್ಲೊಮಾ ಲ್ಯಾಟರಲ್ ಎಂಟ್ರಿಯನ್ನು ಆರಿಸಿಕೊಂಡಿದ್ದೇನೆ.

ಪರಂಪರೆಯ ಮುಖ್ಯ ಘಟ್ಟಗಳು ಪರಿಚಿತವೇ. ಮೈಕೇಲ್ ಸ್ಯಾಡ್ಲರ್ ಅಧ್ಯಕ್ಷತೆಯ ಕಲ್ಕತ್ತಾ ವಿಶ್ವವಿದ್ಯಾಲಯ ಆಯೋಗ (1917–19) ಶಾಲೆಗೂ ವಿಶ್ವವಿದ್ಯಾಲಯಕ್ಕೂ ನಡುವಿನ ಗಡಿಯನ್ನು ಮೆಟ್ರಿಕ್ಯುಲೇಶನ್‌ನಿಂದ ಇಂಟರ್‌ಮೀಡಿಯೆಟ್‌ಗೆ ಸರಿಸಬೇಕೆಂದಿತು. ರಾಧಾಕೃಷ್ಣನ್ ಆಯೋಗ (1948–49) ಪದವಿಗೆ ಮುನ್ನ ಹನ್ನೆರಡು ವರ್ಷಗಳ ಓದು ಬೇಕೆಂದಿತು. ಕೊಠಾರಿ ಆಯೋಗ (1964–66) ಪೂರ್ವ ವಿಶ್ವವಿದ್ಯಾಲಯ ತರಗತಿಯನ್ನು ವಿಶ್ವವಿದ್ಯಾಲಯಗಳಿಂದ ಬಿಡಿಸಿ ಶಾಲಾ ಹಂತಕ್ಕೆ ಒಪ್ಪಿಸಲು ಹೇಳಿತು. 10+2+3 ಎಂಬ ಚೌಕಟ್ಟು ಗಟ್ಟಿಯಾದದ್ದು ಅಲ್ಲಿಂದ. ಕರ್ನಾಟಕದಲ್ಲಿ 1970ರ ದಶಕದ ಆರಂಭದಲ್ಲಿ ಪಿಯುಸಿ ಎರಡು ವರ್ಷದ್ದಾಯಿತು. 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದ ಸುಖದೇವ್ ಥೋರಟ್ ಆಯೋಗವೂ 2+8+4 ರಚನೆಯನ್ನು ಸೂಚಿಸಿ ಪಿಯು ಹಂತವನ್ನು ಪ್ರೌಢಶಿಕ್ಷಣದೊಳಗೇ ಇಟ್ಟಿತು. ಹದಿನಾರು, ಹದಿನೇಳರ ಮಕ್ಕಳಿಗೆ ಕಿಕ್ಕಿರಿದ ಉಪನ್ಯಾಸಕ್ಕಿಂತ ಶಾಲೆಯ ನಿಗಾ ಮೇಲು ಎಂಬ ಈ ಆಯೋಗಗಳ ಕಾಳಜಿಯ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ಆ ಕಾಳಜಿಯಿಂದ ಹೊರಡಿಸಿದ ತೀರ್ಮಾನದ ಬಗ್ಗೆ. ಪಿಯು ಹಂತದ ಆಡಳಿತ ಶಾಲಾ ಶಿಕ್ಷಣಕ್ಕೆ ಸೇರಬೇಕು ಎಂಬುದು ಒಂದು ಮಾತು. ಆ ಹಂತದ ವಿದ್ಯಾರ್ಥಿ ಪದವಿ ಮಟ್ಟದ ಯಾವ ವಿಷಯವನ್ನೂ ಕಲಿಯಲಾರ ಎಂಬುದು ಬೇರೆಯೇ ಮಾತು. ಮೊದಲನೆಯದಕ್ಕೆ ಆಯೋಗಗಳು ಕೊಟ್ಟ ಸಮರ್ಥನೆಯನ್ನು ಎರಡನೆಯದಕ್ಕೂ ಸಾಕೆಂದು ನಾವು ಬಳಸಿಕೊಂಡು ಬಂದಿದ್ದೇವೆ.

ಈ ಬೆಸುಗೆಯ ಪರಿಣಾಮವನ್ನು ಬೆಂಗಳೂರಿನ ಸುದ್ದಗುಂಟೆಪಾಳ್ಯದ ಆಸುಪಾಸಿನಲ್ಲಿ ಹತ್ತಿರದಿಂದ ನೋಡಬಹುದು. ಹೊಸೂರು ರಸ್ತೆಯ ಕ್ರೈಸ್ಟ್ ಆವರಣದಲ್ಲಿ ಪಿಯು ಕಾಲೇಜಿದೆ. 2008ರಲ್ಲಿ ಡೀಮ್ಡ್ ಮಾನ್ಯತೆ ಪಡೆದ ವಿಶ್ವವಿದ್ಯಾಲಯವೂ ಅಲ್ಲೇ ಇದೆ. ಜಯನಗರದ ನ್ಯಾಷನಲ್ ಕಾಲೇಜು, ಆರ್.ವಿ. ರಸ್ತೆಯ ವಿಜಯಾ ಕಾಲೇಜುಗಳೂ ಪಿಯು, ಪದವಿ ಎರಡನ್ನೂ ನಡೆಸಿಕೊಂಡು ಬಂದವು. ಇಲ್ಲಿ ಎರಡು ತರಗತಿಗಳ ನಡುವಿನ ಅಂತರ ಕೆಲವೇ ಹೆಜ್ಜೆಯದು. ಆದರೆ ಪಿಯು ಪರೀಕ್ಷೆ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯದು, ಪದವಿಯ ಕ್ರೆಡಿಟ್ಟು ವಿಶ್ವವಿದ್ಯಾಲಯದ್ದು. ಒಂದರಲ್ಲಿ ಕೂತವರಿಗೆ ಇನ್ನೊಂದರ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ, 1999ರಲ್ಲಿ ಆರಂಭವಾಗಿ 2022ರಲ್ಲಿ ನಿಂತ ಕೆವಿಪಿವೈ ಯೋಜನೆ ಕೂಡ ಹನ್ನೊಂದನೆಯ ತರಗತಿಯಲ್ಲೇ ಪ್ರತಿಭೆಯನ್ನು ಗುರುತಿಸುತ್ತಿತ್ತಾದರೂ ಫೆಲೋಶಿಪ್ ಕೈಗೆ ಬರುತ್ತಿದ್ದುದು ಮೂಲವಿಜ್ಞಾನದ ಪದವಿಗೆ ಸೇರಿದ ಮೇಲೆಯೇ.

ಈಗ ಲ್ಯಾಟರಲ್ ಎಂಟ್ರಿಯ ಸಾಕ್ಷ್ಯಕ್ಕೆ ಬರೋಣ. ಎಸ್ಸೆಸ್ಸೆಲ್ಸಿ ಮುಗಿಸಿದ ಇಬ್ಬರಲ್ಲಿ ಒಬ್ಬರು ಎರಡು ವರ್ಷ ಪಿಯುಸಿ, ನಾಲ್ಕು ವರ್ಷ ಬಿಇ ಓದುತ್ತಾರೆ. ಇನ್ನೊಬ್ಬರು ಮೂರು ವರ್ಷ ಪಾಲಿಟೆಕ್ನಿಕ್ ಓದಿ, ಡಿಪ್ಲೊಮಾದವರ ಸಾಮಾನ್ಯ ಪ್ರವೇಶ ಪರೀಕ್ಷೆ (ಡಿಸಿಇಟಿ) ಬರೆದು, ನೇರ ಮೂರನೆಯ ಸೆಮಿಸ್ಟರಿಗೆ ಸೇರಿ ಮೂರು ವರ್ಷದಲ್ಲಿ ಬಿಇ ಮುಗಿಸುತ್ತಾರೆ. ಇಬ್ಬರಿಗೂ ಹಿಡಿಯುವುದು ಆರೇ ವರ್ಷ. ಅಂದರೆ ಬಿಇ ಮೊದಲ ವರ್ಷದ ಓದಿನ ಬಹುಭಾಗ ಪಾಲಿಟೆಕ್ನಿಕ್ಕಿನ ಮೂರು ವರ್ಷಗಳೊಳಗೇ ಆಗಿಹೋಗಿದೆಯೆಂದು ವಿಶ್ವವಿದ್ಯಾಲಯ ಒಪ್ಪಿಕೊಂಡಿದೆ. ಹನ್ನೆರಡನೆಯ ತರಗತಿಯ ಅಂಕಪಟ್ಟಿ ಈ ದಾರಿಯಲ್ಲಿ ಎಲ್ಲೂ ಬರುವುದಿಲ್ಲ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ, ಅದು ವರ್ಷಗಳನ್ನು ಸರಿದೂಗಿಸುವ ಲೆಕ್ಕವೇ ಹೊರತು ಕಲಿಕೆಯ ಮಾನ್ಯತೆಯಲ್ಲ ಎಂಬುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015 ಮತ್ತು 2018ರ ಪಠ್ಯಕ್ರಮಗಳು ಈ ಆಕ್ಷೇಪಕ್ಕೆ ಉತ್ತರ ಕೊಡುತ್ತವೆ. ಡಿಪ್ಲೊಮಾದಿಂದ ಬಂದವರಿಗೆ ಅಲ್ಲಿ ಮೂರನೆಯ ಮತ್ತು ನಾಲ್ಕನೆಯ ಸೆಮಿಸ್ಟರಿನಲ್ಲಿ ಹೆಚ್ಚುವರಿ ಗಣಿತದ ಎರಡು ಪತ್ರಿಕೆಗಳಿವೆ; ಸಂಕೇತದಲ್ಲೇ ‘ಮ್ಯಾಟ್‌ಡಿಪ್’ ಎಂದಿದೆ. ಸಮ್ಮಿಶ್ರ ಸಂಖ್ಯೆಗಳ ತ್ರಿಕೋನಮಿತಿ, ಸದಿಶ ಬೀಜಗಣಿತ, ಅವಕಲನ, ಅನುಕಲನ, ಅವಕಲ ಸಮೀಕರಣ ಇವು ಅದರ ವಸ್ತು. ಪಾಸಾಗುವುದು ಕಡ್ಡಾಯ, ಕ್ರೆಡಿಟ್ ಮಾತ್ರ ಇಲ್ಲ. ಬರೀ ವರ್ಷಗಳ ಲೆಕ್ಕವಾಗಿದ್ದರೆ ಈ ಪತ್ರಿಕೆಗಳ ಅಗತ್ಯವೇ ಇರುತ್ತಿರಲಿಲ್ಲ. ಯಾವುದು ಬಂದಿದೆ, ಯಾವುದು ಬಂದಿಲ್ಲ ಎಂದು ವಿಷಯವಾರು ನೋಡಿ, ಗಣಿತದಲ್ಲಿ ಕೊರತೆ ಕಂಡಲ್ಲಿ ಅದನ್ನು ತುಂಬಿಸಿಕೊಂಡು, ಉಳಿದುದನ್ನು ಮಾನ್ಯ ಮಾಡುವ ಕ್ರಮ ಇದು. ಇದೇ ಪತ್ರಿಕೆಗಳು ನನ್ನ ವಾದಕ್ಕೆ ಎಚ್ಚರಿಕೆಯೂ ಹೌದು. ಬೇಗ ಕಲಿತದ್ದೆಲ್ಲ ಪೂರ್ಣವಾಗಿ ಕಲಿತದ್ದಲ್ಲ. ತಳಪಾಯದ ಗಣಿತದಲ್ಲಿ ಉಳಿದ ಬಿರುಕು ತಡವಾಗಿಯಾದರೂ ಕಾಣಿಸಿಕೊಳ್ಳುತ್ತದೆ.

ಎರಡನೆಯ ಆಕ್ಷೇಪ ವಯಸ್ಸಿನದು. ಡಿಪ್ಲೊಮಾ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗೆ ಹತ್ತೊಂಬತ್ತು ತುಂಬಿರುತ್ತದೆ. ಇದರಿಂದ ಹದಿನಾರು, ಹದಿನೇಳರವರ ಬಗ್ಗೆ ಏನು ಸಿದ್ಧವಾಗುತ್ತದೆ? ಆಕ್ಷೇಪಕ್ಕೆ ತೂಕವಿದೆ. ಆದರೆ ಪಿಯು ದಾರಿಯವರು ಹದಿನೆಂಟರಲ್ಲಿ ಮೊದಲ ಬಾರಿ ಕಾಣುವ ಎಂಜಿನಿಯರಿಂಗ್ ಡ್ರಾಯಿಂಗ್, ವರ್ಕ್‌ಶಾಪ್‌ಗಳನ್ನು ಪಾಲಿಟೆಕ್ನಿಕ್ಕಿನವರು ಹದಿನಾರರಲ್ಲೇ ಆರಂಭಿಸುತ್ತಾರೆ. 1943ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಂಥ ಸಂಸ್ಥೆಗಳಲ್ಲಿ ಮೊದಲ ವರ್ಷದ ಹುಡುಗ ಹುಡುಗಿಯರು ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಆರ್ಥೋಗ್ರಾಫಿಕ್ ಪ್ರೊಜೆಕ್ಷನ್ ಎಳೆಯುವುದು ತಲೆಮಾರುಗಳಿಂದ ನಡೆದಿದೆ. ಎರಡೂ ಕಡೆಯ ಡ್ರಾಯಿಂಗಿನ ಆಳ ಒಂದೇ ಎಂದು ನಾನು ಹೇಳುತ್ತಿಲ್ಲ. ಆ ವಯಸ್ಸಿನವರಿಗೆ ವೃತ್ತಿಪರ ಪದವಿಯ ವಸ್ತು ಎಟುಕದು ಎಂಬ ಸಾರಾಸಗಟು ನಿರಾಕರಣೆ ನಿಲ್ಲಲಾರದು ಎಂದಷ್ಟೇ ಹೇಳುತ್ತಿದ್ದೇನೆ.

ಮೂರನೆಯದು ಆಯ್ಕೆಯ ಪ್ರಶ್ನೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು. ಲ್ಯಾಟರಲ್ ಎಂಟ್ರಿಗೆ ಬರುವವರು ಡಿಪ್ಲೊಮಾ ದಾಟಿ, ಡಿಸಿಇಟಿಯಲ್ಲೂ ಸೋಸಿ ಬಂದವರು. ಅವರ ಯಶಸ್ಸನ್ನು ಎಲ್ಲರಿಗೂ ಅನ್ವಯಿಸುವಂತಿಲ್ಲ. ಅಮೆರಿಕದ ಅಧ್ಯಯನಗಳಲ್ಲೂ ಇದೇ ತೊಡಕಿದೆ: ಚುರುಕಾದ ಮಕ್ಕಳೇ ಮುಂಚಿತವಾಗಿ ಕಾಲೇಜು ತರಗತಿಗೆ ಹೋದರೆ ಫಲ ತರಗತಿಯದೋ ಮಕ್ಕಳದೋ ತಿಳಿಯದು. ಆದ್ದರಿಂದಲೇ 2013ರಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ಸ್ ಫಾರ್ ರಿಸರ್ಚ್ ಪ್ರಕಟಿಸಿದ ಅಧ್ಯಯನಕ್ಕೆ ಬೆಲೆ. ಶಾಲೆಯೊಳಗೇ ಕಾಲೇಜು ಓದನ್ನು ಬೆಸೆದ ಸಂಸ್ಥೆಗಳಿಗೆ ಲಾಟರಿಯಲ್ಲಿ ಸೀಟು ಸಿಕ್ಕವರನ್ನು, ಅರ್ಜಿ ಹಾಕಿಯೂ ಸಿಗದವರೊಡನೆ ಅದು ಹೋಲಿಸಿತು. ಕಾಲೇಜು ಸೇರುವುದರಲ್ಲೂ ಪದವಿ ಪಡೆಯುವುದರಲ್ಲೂ ಸೀಟು ಸಿಕ್ಕವರೇ ಮುಂದಿದ್ದರು. ಆದರೂ ಅದು ಅರ್ಜಿ ಹಾಕುವಷ್ಟು ಆಸಕ್ತಿ ಇದ್ದವರ ನಡುವಿನ ಹೋಲಿಕೆ ಎಂಬುದನ್ನು ಮರೆಯಬಾರದು.

ಇಷ್ಟು ಎಚ್ಚರಿಕೆಗಳೊಂದಿಗೆ ನನ್ನ ಪ್ರತಿಪಾದನೆಯನ್ನು ಮುಂದಿಡುತ್ತೇನೆ. ದ್ವಿತೀಯ ಪಿಯು ವಿದ್ಯಾರ್ಥಿಗೆ ಬಯಸಿದರೆ ಸೆಮಿಸ್ಟರಿಗೆ ಒಂದೇ ಒಂದು ಪದವಿ ವಿಷಯವನ್ನು ಹತ್ತಿರದ ಕಾಲೇಜಿನಲ್ಲಿ ಓದಿ ಕ್ರೆಡಿಟ್ ಪಡೆಯಲು ಅವಕಾಶವಿರಬೇಕು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಯ ಕಲಿಕೆಗೆ 1 ಕ್ರೆಡಿಟ್. ಹನ್ನೆರಡನೆಯ ತರಗತಿ 4ನೇ ಮಟ್ಟ, ಪದವಿಯ ಮೊದಲ ವರ್ಷ 4.5. ಮೂರು ಕ್ರೆಡಿಟ್ಟಿನ ವಿಷಯವೆಂದರೆ 90 ಗಂಟೆ, ಹದಿನೈದು ವಾರದ ಸೆಮಿಸ್ಟರಿನಲ್ಲಿ ವಾರಕ್ಕೆ 6 ಗಂಟೆ. ವಿಜ್ಞಾನದ ವಿದ್ಯಾರ್ಥಿಗೆ ಈ ಹೊರೆ ಸದ್ಯಕ್ಕೆ ಬೇಡ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ, ಸಿಇಟಿ ಅಂಕ ಅರ್ಧರ್ಧ ಸೇರುತ್ತವೆ. ಅವರ ಬೆಳಗು, ಸಂಜೆಗಳನ್ನು ಕೋಚಿಂಗ್ ಆಗಲೇ ಕಬಳಿಸಿದೆ. ಎರಡು ಕಡೆ ಹೆಸರು ಬರೆಸಿ ಓದುವ ಪದ್ಧತಿ ಹೀಗೆ ನಮ್ಮಲ್ಲಿ ಈಗಾಗಲೇ ಇದೆ, ದುಬಾರಿ ಶುಲ್ಕಕ್ಕೆ, ಒಂದೂ ಕ್ರೆಡಿಟ್ಟಿಲ್ಲದೆ.

ಆದ್ದರಿಂದ ಕಲೆ ಮತ್ತು ವಾಣಿಜ್ಯದಿಂದ ಆರಂಭಿಸುವುದು ಸೂಕ್ತ. ಅಕೌಂಟೆನ್ಸಿ, ಸಂಖ್ಯಾಶಾಸ್ತ್ರ, ಇತಿಹಾಸ, ಕನ್ನಡ ಸಾಹಿತ್ಯಗಳಲ್ಲಿ ಪದವಿಯ ಮೊದಲ ಸೆಮಿಸ್ಟರ್ ಪಿಯು ಪಠ್ಯದಿಂದ ಬಹಳ ದೂರವೇನಿಲ್ಲ. ಸರ್ಕಾರಿ ಪಿಯು ಕಾಲೇಜಿನವರಿಂದ ಶುಲ್ಕ ಪಡೆಯಬಾರದು. ಕನ್ನಡ ಮಾಧ್ಯಮದವರಿಗೆ ಕನ್ನಡದಲ್ಲೇ ಬೋಧನೆ ಇರಬೇಕು. ಈ ಎರಡು ಷರತ್ತುಗಳಿಲ್ಲದೆ ಯೋಜನೆ ಜಾರಿಯಾದರೆ ಈಗಾಗಲೇ ಮುಂದಿರುವವರನ್ನೇ ಇನ್ನಷ್ಟು ಮುಂದೆ ತಳ್ಳುತ್ತದೆ. ಆಗ ನಾನೇ ಅದನ್ನು ವಿರೋಧಿಸುತ್ತೇನೆ.

ಇತ್ಯರ್ಥವಾಗದ ಪ್ರಶ್ನೆಗಳು ಉಳಿದಿವೆ. ಪದವಿ ವಿಷಯದಲ್ಲಿ ಪಿಯು ವಿದ್ಯಾರ್ಥಿ ಫೇಲಾದರೆ ಅದು ಮುಂದಿನ ಅಂಕಪಟ್ಟಿಯಲ್ಲಿ ಕಾಣಬೇಕೇ? ಒಂದು ವಿಶ್ವವಿದ್ಯಾಲಯದ ಕ್ರೆಡಿಟ್ಟನ್ನು ಇನ್ನೊಂದು ಕಣ್ಣುಮುಚ್ಚಿ ಒಪ್ಪಬೇಕೇ, ಮ್ಯಾಟ್‌ಡಿಪ್ ಮಾದರಿಯಲ್ಲಿ ವಿಷಯವಾರು ತೂಗಬೇಕೇ? ಲ್ಯಾಟರಲ್ ಎಂಟ್ರಿಯವರ ಮತ್ತು ಪಿಯು ದಾರಿಯವರ ಬಿಇ ಫಲಿತಾಂಶವನ್ನು ಶಾಖೆವಾರು ಹೋಲಿಸಿ ನೋಡುವುದು ಮೊದಲ ಕೆಲಸವಾಗಬೇಕು. ಆ ಹೋಲಿಕೆ ನನ್ನ ವಾದವನ್ನು ಬಲಪಡಿಸಬಹುದು, ಗಣಿತದಲ್ಲಂತೂ ತಿದ್ದಲೂಬಹುದು. ಗಡಿ ಎಲ್ಲಿರಬೇಕೆಂಬುದನ್ನು ವಿಷಯವಾರು ಸಾಕ್ಷ್ಯದಿಂದ ನಿರ್ಧರಿಸಬೇಕು ಎಂಬ ಮಾತು ಮಾತ್ರ ಫಲಿತಾಂಶ ಏನೇ ಬಂದರೂ ನಿಲ್ಲುತ್ತದೆಂದು ನಂಬಿದ್ದೇನೆ.