ಅದರ್‌ಶ್ಪಾಖ್-ತೆಪ್ಲಿತ್ಸೆ ಬಂಡೆಗಳು

ಜೆಕ್ ಗಣರಾಜ್ಯದ ಈಶಾನ್ಯ ಭಾಗದಲ್ಲಿ, ಪೋಲೆಂಡ್ ಗಡಿಯ ಸಮೀಪವಿರುವ ರಾಷ್ಟ್ರೀಯ ನಿಸರ್ಗಧಾಮ. ಸುಮಾರು 18 ಚ.ಕಿ.ಮೀ. ವಿಸ್ತಾರವಾಗಿದೆ. ಮರಳುಗಲ್ಲಿನ ಗೋಪುರಗಳು, ಅವುಗಳ ನಡುವಿನ ಇಕ್ಕಟ್ಟಾದ ಕೊರಕಲುಗಳು ಇಲ್ಲಿನ ವೈಶಿಷ್ಟ್ಯ. 1933ರಿಂದ ಕಾನೂನಿನ ರಕ್ಷಣೆಯಲ್ಲಿದೆ.

ರಚನೆ: ಕ್ರಿಟೇಷಿಯಸ್ ಯುಗದಲ್ಲಿ ಇಲ್ಲಿದ್ದ ಸಮುದ್ರದ ತಳದಲ್ಲಿ ಮರಳು ಪದರಪದರವಾಗಿ ಕೂತು ಗಟ್ಟಿಯಾಯಿತು. ನೆಲ ಮೇಲೆದ್ದಾಗ ಬಂಡೆ ನೆಟ್ಟಗೆ ಸೀಳಿತು. ಸೀಳುಗಳಿಗಿಳಿದ ನೀರು ಮತ್ತು ಹಿಮ ಅವನ್ನು ಅಗಲಿಸುತ್ತ ಹೋದಂತೆ, ನಡುವೆ ಉಳಿದ ಕಲ್ಲು ಗೋಪುರವಾಯಿತು. ಇವುಗಳಲ್ಲಿ ಅತಿ ಎತ್ತರದ್ದು ಸುಮಾರು 100 ಮೀ. ಎತ್ತರದ 'ಪ್ರೇಮಿಗಳು'. 'ಸಕ್ಕರೆ ಅಚ್ಚು' ಎಂಬ ಬಂಡೆಯ ಬುಡ ತೇವದಿಂದ ಬೇಗ ಸವೆದಿರುವುದರಿಂದ ಅದು ತಲೆಕೆಳಗಾಗಿ ನಿಂತಂತೆ ಕಾಣುತ್ತದೆ.

ಜೀವಿಗಳು: ಬಿಸಿಲಿಗೆ ಒಡ್ಡಿಕೊಂಡ ಒಣ ನೆತ್ತಿಯಲ್ಲಿ ಪೈನ್ ಮರಗಳೂ ತಂಪಾದ ತಳದಲ್ಲಿ ಸ್ಪ್ರೂಸ್ ಮತ್ತು ಹಾವಸೆಗಳೂ ಬೆಳೆಯುತ್ತವೆ. ತಣ್ಣನೆಯ ಗಾಳಿ ಭಾರವಾಗಿರುವುದರಿಂದ ಕೆಳಗಿಳಿದು ಅಲ್ಲೇ ನಿಲ್ಲುತ್ತದೆ. ತೆಪ್ಲಿತ್ಸೆ ಕಡೆಯ 'ಸೈಬೀರಿಯ' ಎಂಬ ಕೊರಕಲಿನಲ್ಲಿ ವಸಂತ ಕಳೆಯುವವರೆಗೂ ಹಿಮ ಉಳಿಯುವುದುಂಟು. ಪೆರೆಗ್ರಿನ್ ಚಾಣ ಮತ್ತು ಕೊಂಬಿನ ಗೂಬೆ ಬಂಡೆಗಳ ಮೇಲೆ ಗೂಡು ಮಾಡುತ್ತವೆ.

ಇತಿಹಾಸ: ಜರ್ಮನ್ ಕವಿ ಗಯಟೆ 1790ರಲ್ಲಿ ಇಲ್ಲಿಗೆ ಬಂದಿದ್ದ. ಅವನ ಸ್ಮಾರಕ ದಾರಿಯಲ್ಲೇ ಇದೆ. 1824ರ ಕಾಡ್ಗಿಚ್ಚಿನಲ್ಲಿ ಪೊದೆಗಾಡು ಸುಟ್ಟುಹೋದ ಮೇಲೆ ಒಳಭಾಗಕ್ಕೆ ಹೋಗುವುದು ಸುಲಭವಾಗಿ, ಕಾಲುದಾರಿಗಳು ನಿರ್ಮಾಣವಾದವು.

ಭೇಟಿ: ಅದರ್‌ಶ್ಪಾಖ್‌ನ ರೈಲು ನಿಲ್ದಾಣ ಪ್ರವೇಶದ್ವಾರದ ಹತ್ತಿರದಲ್ಲೇ ಇದೆ. ಜನದಟ್ಟಣೆ ತಡೆಯಲು ಟಿಕೆಟ್ ಮತ್ತು ಪ್ರವೇಶದ ವೇಳೆಯನ್ನು ಮುಂಗಡ ಕಾಯ್ದಿರಿಸುವ ವ್ಯವಸ್ಥೆಯಿದೆ. ಸುತ್ತುದಾರಿ ಮರಳುಗಣಿಯಲ್ಲಿ ನೀರು ನಿಂತು ಆದ ಕೆರೆಯನ್ನು ಬಳಸಿ, ಮರದ ಮೆಟ್ಟಿಲುಗಳನ್ನು ಹತ್ತಿಳಿದು ಸಾಗುತ್ತದೆ. ದಾರಿಯಲ್ಲಿ ಸಿಗುವ 'ಇಲಿಬಿಲ' ಎಂಬ ಕಿಂಡಿಯ ಅಗಲ ಸುಮಾರು 50 ಸೆಂ.ಮೀ. ಮಾತ್ರ, ಬೆನ್ನಚೀಲ ಹೊತ್ತವರು ಅದನ್ನು ಇಳಿಸಿ ಅಡ್ಡಡ್ಡ ನಡೆಯಬೇಕಾಗುತ್ತದೆ. ಜಲಪಾತದ ಮೇಲಿನ ಪುಟ್ಟ ಕೆರೆಯಲ್ಲಿ ದೋಣಿಯವರು ಹಾಸ್ಯದ ಕಥೆ ಹೇಳುತ್ತ ಪ್ರವಾಸಿಗರನ್ನು ಸುತ್ತಾಡಿಸುತ್ತಾರೆ. ತೆಪ್ಲಿತ್ಸೆ ಕಡೆಗೆ 'ತೋಳದ ಕೊರಕಲಿ'ನ ಮೂಲಕ ಕಾಲುದಾರಿಯಿದೆ.

ಬಂಡೆ ಹತ್ತುವಿಕೆಗೆ ನಿಯಮಗಳು ಬಿಗಿಯಾಗಿವೆ. ಬಿರುಕಿಗೆ ಸಿಕ್ಕಿಸುವ ಲೋಹದ ಸಲಕರಣೆ ನಿಷಿದ್ಧ. ಗಂಟುಹಾಕಿದ ಹಗ್ಗದ ಕುಣಿಕೆಗಳನ್ನೇ ಬಳಸಬೇಕು. ನೆನೆದ ಮರಳುಗಲ್ಲು ಬಲ ಕಳೆದುಕೊಂಡು ಹಿಡಿದಲ್ಲೇ ಮುರಿಯುವುದರಿಂದ, ಮಳೆಯ ನಂತರ ಬಂಡೆ ಒಣಗುವವರೆಗೆ ಹತ್ತುವಂತಿಲ್ಲ.