ಬೆಟ್ಟ, ತೋಟ, ಮನೆ: ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಗೃಹನಿರ್ಮಾಣದ ಇತಿಹಾಸ

ಉತ್ತರ ಕನ್ನಡದ ಇತಿಹಾಸವನ್ನು ಬರೆಯಹೊರಟವರು ಬನವಾಸಿಯ ಕದಂಬರನ್ನೂ ಸೋದೆಯ ನಾಯಕರನ್ನೂ ಮರೆಯುವಂತಿಲ್ಲ. ಆದರೆ ಆ ಅರಸರ ಪ್ರಜೆಗಳು ಎಂತಹ ಮನೆಗಳಲ್ಲಿ ವಾಸಿಸಿದರು, ಆ ಮನೆಗಳಿಗೆ ಬೇಕಾದ ಮಣ್ಣು, ಮರ, ಸೋಗೆ ಎಲ್ಲಿಂದ ಬಂದುವು ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಪರಿಸರಕ್ಕೆ ಹಾನಿ ತಾರದಂತೆ ಮನೆಗಳನ್ನು ಕಟ್ಟುವುದು ಹೇಗೆಂಬ ಚರ್ಚೆ ಇಂದು ಎಲ್ಲೆಡೆಯೂ ನಡೆದಿದೆ. ಅದನ್ನು ಎಂಜಿನಿಯರುಗಳಿಗೆ ಮಾತ್ರ ಬಿಟ್ಟುಕೊಡುವುದು ಉಚಿತವಲ್ಲ. ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಮನೆಗೂ ಕಾಡಿನ ಮೇಲಣ ಹಕ್ಕಿಗೂ ಇದ್ದ ಸಂಬಂಧವನ್ನು ಸಂಕ್ಷೇಪವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ನೆಲದ ಸ್ವರೂಪವನ್ನು ನೋಡಬೇಕು. ಶಿರಸಿಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 2,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಕಣಿವೆಯ ತಳದಲ್ಲಿ ಅಡಿಕೆ ತೋಟ, ಅದರ ಅಂಚಿನ ಎತ್ತರದಲ್ಲಿ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಇದು ಇಲ್ಲಿಯ ಒಕ್ಕಲುತನದ ಸಾಮಾನ್ಯ ವಿನ್ಯಾಸ. ಗೋಡೆಗೆ ಅಲ್ಲಿಯದೇ ಮಣ್ಣು ಅಥವಾ ಚಿರೇಕಲ್ಲು. ಮಾಡಿಗೆ ತೋಟದ ಸೋಗೆ ಅಥವಾ ಬೇಣದ ಹುಲ್ಲು. ಚಪ್ಪರಕ್ಕೆ ಅಡಿಕೆಯ ದಬ್ಬೆ. ಕಂಬ ತೊಲೆಗಳಿಗೆ ಕಾಡಿನ ಮರ. ಮಳೆಗಾಲ ಬಂದೊಡನೆ ಮಣ್ಣಿನ ಗೋಡೆಗಳಿಗೆ ಸೋಗೆಯ ತಟ್ಟಿಯನ್ನು ಕಟ್ಟುತ್ತಿದ್ದರು. ಮಳೆ ಮುಗಿದ ಮೇಲೆ ಆ ತಟ್ಟಿ ಗೊಬ್ಬರದ ಗುಂಡಿಗೆ ಸೇರುತ್ತಿತ್ತು. ಹಳೆಯ ಸೋಗೆಯ ಗತಿಯೂ ಅದೇ. ಬೆಟ್ಟದ ಸೊಪ್ಪು ಮತ್ತು ದರಕು ಕೊಟ್ಟಿಗೆಯಲ್ಲಿ ಹಾಸಾಗಿ, ಗೊಬ್ಬರವಾಗಿ, ತೋಟಕ್ಕೆ ಇಳಿಯುತ್ತಿದ್ದುವು. ಹೀಗೆ ಮನೆಯೆಂಬುದು ಬೆಟ್ಟ ಮತ್ತು ತೋಟಗಳ ನಡುವಣ ಒಂದು ಕೊಂಡಿಯಾಗಿತ್ತು.

ಈ ಕೊಂಡಿಯನ್ನು ಹಿಡಿದಿಟ್ಟದ್ದು ಹಕ್ಕಿನ ಒಂದು ವ್ಯವಸ್ಥೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ಸೋದೆ ಸೀಮೆಯ ಅಡಿಕೆ ತೋಟಗಳನ್ನು ವರ್ಣಿಸಿದ್ದಾನೆ. ಕನ್ನಡ ಜಿಲ್ಲೆಯ ಹಳ್ಳಿಗಳಲ್ಲಿ ಕಾಡು ಗ್ರಾಮದೇವತೆಯ ಸ್ವತ್ತೆಂಬ ನಂಬಿಕೆಯಿದ್ದು, ಮರ ಕಡಿಯುವ ಮೊದಲು ಊರ ಗೌಡನ ಅನುಮತಿ ಪಡೆಯಬೇಕಾಗಿತ್ತೆಂದೂ ಆತ ಹೇಳುತ್ತಾನೆ. ಆತನಿಗೆ ಅದು ಸರಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ತಡೆಯುವ ಒಂದು ಉಪಾಯವಾಗಿ ಕಂಡಿತು. ಆದರೆ ಮರ ಕಡಿಯಲು ಒಬ್ಬನನ್ನು ಕೇಳಲೇಬೇಕೆಂಬ ಕಟ್ಟಳೆ ಇತ್ತೆಂಬುದಂತೂ ಸ್ಪಷ್ಟ. ಮುಂದೆ ಬ್ರಿಟಿಷ್ ಆಡಳಿತವು ಈ ತಾಲ್ಲೂಕುಗಳ ತೋಟಿಗರಿಗೆ ಒಂದು ಎಕರೆ ತೋಟಕ್ಕೆ 9 ಎಕರೆಗಳವರೆಗೆ ಸೊಪ್ಪಿನ ಬೆಟ್ಟದ ಸವಲತ್ತನ್ನು ನೀಡಿತು. ನೆಲ ಸರಕಾರದ್ದು, ಸೊಪ್ಪು ತೋಟಿಗನದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಿಂದಿನದೆಲ್ಲವೂ ಸುಂದರವಾಗಿತ್ತೆಂದು ಹೇಳುವುದು ಇತಿಹಾಸಕಾರನ ಕೆಲಸವಲ್ಲ. ಬೆಟ್ಟದ ಸವಲತ್ತು ತೋಟವುಳ್ಳವನಿಗೆ ದೊರೆತದ್ದು. ತೋಟವಿಲ್ಲದ ಕೂಲಿಕಾರನಿಗಾಗಲಿ, ಯಲ್ಲಾಪುರದ ಕಾಡಂಚಿನ ಸಿದ್ದಿಗಳಿಗಾಗಲಿ ಅದು ದೊರೆಯಲಿಲ್ಲ. ಅವರ ಹುಲ್ಲಿನ ಗುಡಿಸಲು ಪರಿಸರಕ್ಕೆ ಹೊರೆಯಾಗಲಿಲ್ಲವೆಂಬುದು ನಿಜ. ಆದರೆ ಅದು ಬಡತನದ ಫಲವೇ ಹೊರತು ವಿವೇಕದ ಫಲವಲ್ಲ. ದೊಡ್ಡ ಮನೆಗಳ ದಪ್ಪ ಕಂಬಗಳಿಗೂ ಅಡಿಕೆ ಬೇಯಿಸುವ ಒಲೆಗಳಿಗೂ ಕಾಡು ತೆತ್ತ ಮರವೇನೂ ಅಲ್ಪವಲ್ಲ.

ಬದಲಾವಣೆ ಎರಡು ದಿಕ್ಕುಗಳಿಂದ ಬಂದಿತು. 1862ರಲ್ಲಿ ಈ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾನೂನಿನ ಬಲದಿಂದ ವಿಸ್ತಾರವಾದ ಕಾಡುಗಳು ಸರಕಾರದ ಮೀಸಲಾದುವು. ಅದುವರೆಗೆ ಊರಿನ ವಿಚಾರವಾಗಿದ್ದ ಮರ ಅಪ್ಪಣೆಯ ಚೀಟಿಯ ವಿಚಾರವಾಯಿತು. ಈ ಅಸಮಾಧಾನವೇ 1930ರ ದಶಕದ ಸತ್ಯಾಗ್ರಹಗಳ ಹಿನ್ನೆಲೆಗಳಲ್ಲೊಂದು. ಇನ್ನೊಂದು ಕಡೆ, 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಕ್ರಮೇಣ ಕರಾವಳಿ ಮಲೆನಾಡುಗಳ ಮಾಡುಗಳನ್ನೆಲ್ಲ ಬದಲಿಸಿತು. ಹಂಚಿನಿಂದ ಬೆಂಕಿಯ ಭಯ ಕಡಮೆಯಾಯಿತು, ವರ್ಷವರ್ಷವೂ ಹೊದಿಸುವ ಶ್ರಮ ತಪ್ಪಿತು. ಆದರೆ ಮನೆಯ ಒಂದು ಭಾಗ ಮೊಟ್ಟಮೊದಲು ಊರಿನ ಹೊರಗಿನಿಂದ, ಹಣ ತೆತ್ತು, ಬರತೊಡಗಿತು. ಅದನ್ನು ಸುಡಲು ಉರಿದ ಕಟ್ಟಿಗೆಯ ಲೆಕ್ಕ ಮನೆಯ ಯಜಮಾನನ ಕಣ್ಣಿಗೆ ಬೀಳಲಿಲ್ಲ. ಮುಂದೆ ಸಿಮೆಂಟು, ಕಬ್ಬಿಣ, ಮರಳುಗಳ ವಿಷಯದಲ್ಲಿ ನಡೆದದ್ದೂ ಇದೇ.

ಸ್ವಾತಂತ್ರ್ಯಾನಂತರವೂ ಕಾಡಿನ ಮೇಲಣ ಒತ್ತಡ ತಗ್ಗಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು; ಅದೇ ಅಪ್ಪಿಕೋ ಚಳವಳಿಯ ಆರಂಭ. 1964ರ ಭೂಕಂದಾಯ ಅಧಿನಿಯಮವು ತನ್ನ 79ನೆಯ ಕಲಮಿನಲ್ಲಿ ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿಗಳ ಸವಲತ್ತುಗಳನ್ನು ಮುಂದುವರಿಸಿತು; 95ನೆಯ ಕಲಮಿನಲ್ಲಿ ಸಾಗುವಳಿಯ ಭೂಮಿಯನ್ನು ಅನ್ಯ ಉಪಯೋಗಕ್ಕೆ ಪರಿವರ್ತಿಸುವ ವಿಧಿಯನ್ನು ಹೇಳಿತು. ಒಂದೇ ಕಾಯಿದೆಯೊಳಗೆ ಎರಡು ಲೋಕಗಳು ಇಲ್ಲಿ ಎದುರುಬದುರಾಗಿವೆ. ಮೊದಲನೆಯದರಲ್ಲಿ ಬೆಟ್ಟವಿರುವುದು ತೋಟಕ್ಕಾಗಿ. ಎರಡನೆಯದರಲ್ಲಿ ಭೂಮಿ ನಿವೇಶನಗಳ ನಕ್ಷೆಯಾಗಬಲ್ಲದು. ನಿವೇಶನಕ್ಕೆ ಕೆರೆಯಿಲ್ಲ, ಬೆಟ್ಟವಿಲ್ಲ. ಅದಕ್ಕಿರುವುದು ಉದ್ದ ಅಗಲಗಳು ಮಾತ್ರ. ಸಮತಟ್ಟು ಮಾಡಲು ಇಳಿಜಾರನ್ನು ಕಡಿದಾಗ, ಆ ನೀರು ಮುಂದೆ ಯಾರ ತೋಟಕ್ಕೆ ನುಗ್ಗುವುದೆಂಬ ಪ್ರಶ್ನೆಯನ್ನು ನಕ್ಷೆ ಕೇಳುವುದಿಲ್ಲ.

2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ಮನೆ ತೋಟಗಳು ನಷ್ಟವಾದುವು. ಅದಕ್ಕೆ ಮನೆ ಕಟ್ಟಿದವರೇ ಕಾರಣರೆಂದು ಹೇಳುವುದು ಅನ್ಯಾಯ. ಆ ಮಳೆಯೇ ಅಸಾಧಾರಣವಾಗಿತ್ತು. ಆದರೆ ಈ ನೆಲದ ತಾಳ್ಮೆಗೆ ಮಿತಿಯುಂಟೆಂಬುದನ್ನು ಅದು ತೋರಿಸಿಕೊಟ್ಟಿತು.

ಹಾಗಾದರೆ ಮರಳಿ ಸೋಗೆಯ ಮಾಡಿಗೆ ಹೋಗಬೇಕೆ? ಅದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಹೊಸ ಉಪಾಯಗಳನ್ನು ಒಪ್ಪುವುದರಲ್ಲಿ ಈ ಸೀಮೆಯ ಜನ ಹಿಂದೆಬಿದ್ದವರಲ್ಲ. ಕೊಟ್ಟಿಗೆಯ ಸಗಣಿಯಿಂದ ಅನಿಲ ಪಡೆಯುವ ಸ್ಥಾವರಗಳು ಶಿರಸಿಯ ಹಳ್ಳಿಗಳಲ್ಲಿ ಎಷ್ಟು ವ್ಯಾಪಕವಾದುವೆಂದರೆ, 2001ರಲ್ಲಿ ಪ್ರಕಟವಾದ ಒಂದು ಸಂಶೋಧನ ಲೇಖನ ಅದನ್ನು ಯಶಸ್ಸಿನ ಮಾದರಿಯೆಂದೇ ವಿವರಿಸಿತು. ಹಳೆಯ ಕೊಂಡಿಯೇ ಅಲ್ಲಿ ಹೊಸ ರೂಪ ತಾಳಿತು: ಸಗಣಿ ಮೊದಲು ಒಲೆಯನ್ನು ಉರಿಸಿ, ಬಳಿಕ ತೋಟಕ್ಕೆ ಸೇರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ಅಸ್ತ್ರ ಕೇಂದ್ರವು ಮಣ್ಣಿಗೆ ಅಲ್ಪ ಸಿಮೆಂಟು ಬೆರೆಸಿ ಯಂತ್ರದಿಂದ ಒತ್ತಿದ, ಸುಡದ ಇಟ್ಟಿಗೆಗಳನ್ನು ರೂಢಿಗೆ ತಂದಿತು. ಮಣ್ಣಿನ ಗೋಡೆಯ ಮಿತವ್ಯಯವನ್ನು ಅದರ ದೌರ್ಬಲ್ಯವಿಲ್ಲದೆ ಪಡೆಯುವ ದಾರಿ ಇದು.

ಮೇಲಿನ ವಿವೇಚನೆಯಿಂದ ಹೊರಡುವ ತಾತ್ಪರ್ಯ ಇಷ್ಟು. ಹಳೆಯ ಮನೆ ಪರಿಸರಕ್ಕೆ ಹೊಂದಿಕೊಂಡದ್ದು ಅದರ ಸಾಮಗ್ರಿಯಿಂದ ಮಾತ್ರವಲ್ಲ. ಕಟ್ಟಿದವನು ತಾನು ತಂದುದೆಲ್ಲಿಂದ, ತಾನು ಬಿಟ್ಟ ನೀರು ಹರಿವುದೆಲ್ಲಿಗೆ ಎಂಬುದನ್ನು ದಿನವೂ ಕಾಣುತ್ತಿದ್ದುದರಿಂದ. ಇಂದಿನ ವಸತಿ ಬಡಾವಣೆಗೆ ಅಪ್ಪಣೆ ಕೊಡುವ ಮುನ್ನ ಇಳಿಜಾರು, ಜಲಮೂಲ, ನೆರೆಯ ಬೆಟ್ಟ ಮತ್ತು ತೋಟಗಳನ್ನು ಒಂದೇ ನಕ್ಷೆಯಲ್ಲಿ ತೋರಿಸಬೇಕೆಂಬ ನಿಯಮವೊಂದಿದ್ದರೆ, ಕಳೆದುಹೋದ ಆ ದೃಷ್ಟಿಯ ಒಂದಂಶವಾದರೂ ಮರಳಿ ಬಂದೀತು. ಈ ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಳೆಯ ಮನೆಯೊಂದನ್ನು ಅಳೆದು, ಅದರ ಮಣ್ಣು ಮರಗಳ ಮೂಲವನ್ನು ಹಿರಿಯರಿಂದ ಕೇಳಿ ಬರೆದಿಟ್ಟರೆ, ಆ ನಿಯಮಕ್ಕೆ ಬೇಕಾದ ಆಧಾರವೂ ದೊರೆತೀತು. ಆ ಹಿರಿಯರು ಇರುವಾಗಲೇ ಈ ಕೆಲಸ ನಡೆಯಬೇಕಾದುದು ಅಗತ್ಯ.