ವೆಬ್‌ಸೈಟ್ ಎಷ್ಟು ಜನರನ್ನು ತಾಳುತ್ತದೆ? 'ಅಪಾಚೆ ಬೆಂಚ್' ಕಮಾಂಡ್‌ನ ಮುಖ್ಯ ಆಯ್ಕೆಗಳು, ಅಂಕಿ ಓದುವ ಬಗೆ ಇಲ್ಲಿದೆ

ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ಅಥವಾ ಹಬ್ಬಕ್ಕೆ ಊರಿಗೆ ಹೋಗಲು ಟಿಕೆಟ್ ಬುಕಿಂಗ್ ಶುರುವಾಗುವ ಹೊತ್ತಿನಲ್ಲಿ ವೆಬ್‌ಸೈಟ್ ತೆರೆಯದೆ ಪರದಾಡಿದ ಅನುಭವ ಬಹುತೇಕರಿಗೆ ಇದೆ. ಹಿಂದಿನ ದಿನದವರೆಗೂ ಚೆನ್ನಾಗಿಯೇ ಇದ್ದ ಸೈಟ್, ಸಾವಿರಾರು ಜನ ಒಮ್ಮೆಗೇ ಬಂದಾಗ ಕೈಕೊಡುತ್ತದೆ. ಇಂಥ ದಿನ ಬರುವ ಮೊದಲೇ ಸರ್ವರ್‌ನ ವೇಗವನ್ನೂ ತಾಳಿಕೆಯನ್ನೂ ಅಳೆದು ನೋಡುವುದೇ ಬೆಂಚ್‌ಮಾರ್ಕ್.

ಅಳತೆ ಮಾಡಿದ ಮೇಲೂ ಸೈಟ್ ಕುಸಿಯುವುದುಂಟು. ಅಳೆಯುವಾಗ ಕೊಟ್ಟ ಆಯ್ಕೆಗಳು ನಿಜವಾದ ಬಳಕೆಗೆ ಹೊಂದದೇ ಇರುವುದು ಇದಕ್ಕೆ ಒಂದು ಕಾರಣ. ಒಂದೇ ಸರ್ವರ್, ಒಂದೇ ಪುಟ. ಆದರೆ ಕಮಾಂಡ್‌ನಲ್ಲಿ ಒಂದು ಅಕ್ಷರ ಬದಲಾದರೆ ಸಿಗುವ ಅಂಕಿಯೇ ಬೇರೆ.

ಏನಿದು ಅಪಾಚೆ ಬೆಂಚ್?

ಅಪಾಚೆ ವೆಬ್ ಸರ್ವರ್ ಜೊತೆಗೆ ಬರುವ ಪುಟ್ಟ ಉಚಿತ ಸಾಧನ ಇದು. ಟರ್ಮಿನಲ್‌ನಲ್ಲಿ ಇದರ ಹೆಸರು ಎರಡೇ ಅಕ್ಷರ: 'ಎಬಿ'. ಇದರ ಮೂಲ 1996ರಲ್ಲಿ ಜ್ಯೂಸ್ ಟೆಕ್ನಾಲಜಿಯ ಆಡಮ್ ಟ್ವಿಸ್ ಬರೆದ ಪ್ರೋಗ್ರಾಂ. ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಇದು ಮೊದಲೇ ಇರುತ್ತದೆ. ಉಬುಂಟುವಿನಲ್ಲಿ 'ಅಪಾಚೆ2-ಯುಟಿಲ್ಸ್' ಪ್ಯಾಕೇಜ್ ಹಾಕಿಕೊಂಡರೆ ಸಿಗುತ್ತದೆ.

ಕಮಾಂಡ್‌ನ ರೂಪ ಸರಳ: ಎಬಿ -ಎನ್ 1000 -ಸಿ 50, ನಂತರ ಪುಟದ ಪೂರ್ಣ ವಿಳಾಸ. ಮುಖಪುಟವಾದರೆ ವಿಳಾಸದ ಕೊನೆಯಲ್ಲಿ ಓರೆಗೆರೆ ಇರಲೇಬೇಕು, ಇಲ್ಲದಿದ್ದರೆ ವಿಳಾಸ ತಪ್ಪು ಎಂದು ಎಬಿ ನಿಂತುಬಿಡುತ್ತದೆ. ಆಯ್ಕೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ದೊಡ್ಡ ಅಕ್ಷರ, ಸಣ್ಣ ಅಕ್ಷರಕ್ಕೆ ಅರ್ಥ ಬೇರೆ ಬೇರೆ ಎಂಬುದು ನೆನಪಿರಲಿ. ದೊಡ್ಡದು ಎಂದು ಹೇಳದ ಕಡೆ ಸಣ್ಣ ಅಕ್ಷರ ಎಂದು ತಿಳಿಯಿರಿ.

ಮುಖ್ಯ ಆಯ್ಕೆಗಳು

* -ಎನ್: ಒಟ್ಟು ಎಷ್ಟು ರಿಕ್ವೆಸ್ಟ್ ಕಳಿಸಬೇಕು. ಏನೂ ಹೇಳದಿದ್ದರೆ ಒಂದೇ ಒಂದು ಹೋಗುತ್ತದೆ. ಅದರಿಂದ ಏನೂ ತಿಳಿಯದು.

* -ಸಿ: ಒಂದೇ ಸಲಕ್ಕೆ ಎಷ್ಟು ರಿಕ್ವೆಸ್ಟ್ ನಡೆಯುತ್ತಿರಬೇಕು. ಇದೂ ಹೇಳದಿದ್ದರೆ ಒಂದೇ. ಜನಸಂದಣಿಯನ್ನು ಸೃಷ್ಟಿಸುವುದು ಈ ಆಯ್ಕೆ. ಇದು -ಎನ್ ಸಂಖ್ಯೆಯನ್ನು ಮೀರುವಂತಿಲ್ಲ.

* -ಟಿ: ಎಷ್ಟು ಸೆಕೆಂಡ್ ಪರೀಕ್ಷೆ ನಡೆಸಬೇಕು. ಇದನ್ನು ಕೊಟ್ಟರೆ ಒಟ್ಟು ರಿಕ್ವೆಸ್ಟ್ 50,000 ಎಂದು ಎಬಿ ತಾನೇ ಇಟ್ಟುಕೊಳ್ಳುತ್ತದೆ. ಸರ್ವರ್ ಚುರುಕಾಗಿದ್ದರೆ ಸಮಯ ಮುಗಿಯುವ ಮೊದಲೇ ಪರೀಕ್ಷೆ ಮುಗಿದುಹೋಗಬಹುದು. ಹೆಚ್ಚು ಬೇಕಿದ್ದರೆ -ಟಿ ಆದ ಮೇಲೆ -ಎನ್ ಬರೆಯಬೇಕು.

* -ಕೆ: ಒಮ್ಮೆ ತೆರೆದ ಸಂಪರ್ಕವನ್ನೇ ಮತ್ತೆ ಮತ್ತೆ ಬಳಸು ಎಂಬ ಸೂಚನೆ. ಇದಿಲ್ಲದಿದ್ದರೆ ಪ್ರತಿ ರಿಕ್ವೆಸ್ಟ್‌ಗೂ ಹೊಸ ಸಂಪರ್ಕ. -ಕೆ ಹಾಕಿದರೆ ಅಂಕಿ ಸಾಮಾನ್ಯವಾಗಿ ಏರುತ್ತದೆ. ಆದರೆ ಫಲಿತಾಂಶದ ದಿನ ಬರುವವರಲ್ಲಿ ಹೆಚ್ಚಿನವರು ಹೊಸಬರು. ಆ ದಿನವನ್ನು ಅಂದಾಜು ಮಾಡಲು -ಕೆ ಇಲ್ಲದ ಪರೀಕ್ಷೆಯೂ ಬೇಕು.

* -ಎಸ್: ಉತ್ತರಕ್ಕಾಗಿ ಎಷ್ಟು ಸೆಕೆಂಡ್ ಕಾಯಬೇಕು. ಏನೂ ಹೇಳದಿದ್ದರೆ 30.

* -ಎಲ್: ಪುಟದ ಗಾತ್ರ ಪ್ರತಿ ಸಲ ಬದಲಾಗುತ್ತಿದ್ದರೆ ಇದು ಬೇಕೇಬೇಕು. ಇಲ್ಲದಿದ್ದರೆ ಮೊದಲ ಉತ್ತರಕ್ಕಿಂತ ಉದ್ದ ಬೇರೆಯಾದ ಪ್ರತಿ ಉತ್ತರವನ್ನೂ ಎಬಿ 'ವಿಫಲ' ಎಂದು ಲೆಕ್ಕ ಹಾಕುತ್ತದೆ.

* -ಪಿ ಮತ್ತು ದೊಡ್ಡ ಟಿ: ಫಾರಂ ತುಂಬಿ ಕಳಿಸುವ ಪುಟಗಳಿಗೆ. -ಪಿ ಜೊತೆ ಕಳಿಸಬೇಕಾದ ಮಾಹಿತಿಯ ಫೈಲ್, ದೊಡ್ಡ ಟಿ ಜೊತೆ ಅದು ಯಾವ ಬಗೆಯದು ಎಂಬ ವಿವರ ಕೊಡಬೇಕು.

* ದೊಡ್ಡ ಸಿ: ಲಾಗಿನ್ ಆದ ಬಳಕೆದಾರರ ಕುಕೀ ಸೇರಿಸಲು.

* -ಇ: ಫಲಿತಾಂಶವನ್ನು ಸಿಎಸ್‌ವಿ ಫೈಲ್ ಆಗಿ ಉಳಿಸಲು.

20 ಮಿಲಿಸೆಕೆಂಡೋ, 1 ಸೆಕೆಂಡೋ?

ಎಬಿ ಕೊಡುವ ವರದಿಯಲ್ಲಿ ಎಡವಲು ಹೆಚ್ಚು ಅವಕಾಶ ಇರುವುದು ಇಲ್ಲಿ. -ಎನ್ 1000, -ಸಿ 50 ಕೊಟ್ಟು ನಡೆಸಿದ ಪರೀಕ್ಷೆ 20 ಸೆಕೆಂಡಿನಲ್ಲಿ ಮುಗಿಯಿತು ಎಂದುಕೊಳ್ಳಿ. ಸೆಕೆಂಡಿಗೆ 50 ರಿಕ್ವೆಸ್ಟ್ ಎಂದು ವರದಿ ಹೇಳುತ್ತದೆ. ಅದರ ಕೆಳಗೆ 'ಪ್ರತಿ ರಿಕ್ವೆಸ್ಟ್‌ಗೆ ಸಮಯ' ಎಂಬ ಎರಡು ಸಾಲು ಬರುತ್ತವೆ. ಒಂದರಲ್ಲಿ 1000 ಮಿಲಿಸೆಕೆಂಡ್, ಇನ್ನೊಂದರಲ್ಲಿ 20 ಮಿಲಿಸೆಕೆಂಡ್.

ಎರಡೂ ಸುಳ್ಳಲ್ಲ. 20 ಸೆಕೆಂಡನ್ನು ಸಾವಿರ ರಿಕ್ವೆಸ್ಟ್‌ಗೆ ಹಂಚಿದರೆ ತಲಾ 20 ಮಿಲಿಸೆಕೆಂಡ್. ಅದು ಸರ್ವರ್ ಕೆಲಸ ಮುಗಿಸುವ ವೇಗ. ಆದರೆ ಒಂದೇ ಸಲಕ್ಕೆ 50 ಮಂದಿ ಸಾಲಿನಲ್ಲಿದ್ದರು. ಅವರಲ್ಲಿ ಒಬ್ಬೊಬ್ಬರೂ ಸರಾಸರಿ 1 ಸೆಕೆಂಡ್ ಕಾದಿದ್ದಾರೆ. ಪಡಿತರ ಅಂಗಡಿಯಲ್ಲಿ ನಿಮಿಷಕ್ಕೊಬ್ಬರಿಗೆ ಅಕ್ಕಿ ಸಿಕ್ಕರೂ ಸಾಲಿನ ಕೊನೆಯಲ್ಲಿದ್ದವರು ಒಂದೇ ನಿಮಿಷ ಕಾಯುವುದಿಲ್ಲವಲ್ಲ, ಹಾಗೆ. ಬಳಕೆದಾರರ ಅನುಭವ ಹೇಳಬೇಕಾದಾಗ 20 ಮಿಲಿಸೆಕೆಂಡ್ ಎಂದು ಬರೆದುಕೊಟ್ಟರೆ ಅದು ದಾರಿ ತಪ್ಪಿಸುವ ವರದಿ.

ಸರಾಸರಿಯನ್ನೂ ಪೂರ್ತಿ ನಂಬುವಂತಿಲ್ಲ. ವರದಿಯ ಕೊನೆಯಲ್ಲಿ 50ರಿಂದ 100ರವರೆಗಿನ ಶೇಕಡಾವಾರು ಪಟ್ಟಿ ಇರುತ್ತದೆ. ಅದರಲ್ಲಿ ಶೇ.99ರ ಎದುರು 4000 ಮಿಲಿಸೆಕೆಂಡ್ ಎಂದಿದ್ದರೆ, ಸಾವಿರದಲ್ಲಿ ಸುಮಾರು ಹತ್ತು ಮಂದಿ 4 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಕಾದಿದ್ದಾರೆ ಎಂದರ್ಥ. ಮೊದಲು ನೋಡಬೇಕಾದದ್ದು ಈ ಸಾಲನ್ನು.

ಅತಿ ವೇಗವೂ ಅನುಮಾನಕ್ಕೆ ಕಾರಣ

ಅಂಕಿ ಇದ್ದಕ್ಕಿದ್ದಂತೆ ತುಂಬಾ ಚೆನ್ನಾಗಿ ಬಂದರೆ ಸಂತೋಷಪಡುವ ಮೊದಲು ವರದಿಯಲ್ಲಿ '2ಎಕ್ಸ್‌ಎಕ್ಸ್ ಅಲ್ಲದ ಉತ್ತರಗಳು' ಎಂಬ ಸಾಲು ಇದೆಯೇ ನೋಡಿ. ಸರ್ವರ್ ಸೋತು ದೋಷದ ಪುಟವನ್ನೇ ಕಳಿಸುತ್ತಿದ್ದರೂ ಎಬಿ ಅದನ್ನು ಉತ್ತರ ಎಂದೇ ಎಣಿಸುತ್ತದೆ. ದೋಷದ ಪುಟ ಚಿಕ್ಕದು, ಬೇಗ ಬರುತ್ತದೆ. ಹಾಗಾಗಿ ಕುಸಿದ ಸರ್ವರ್ ಚುರುಕಾಗಿ ಕಾಣುವುದೂ ಉಂಟು.

ಮಿತಿಗಳೂ ಇವೆ

ಎಬಿ ಕೊಟ್ಟ ವಿಳಾಸವೊಂದನ್ನೇ ತರುತ್ತದೆ. ಪುಟದೊಳಗಿನ ಚಿತ್ರ, ಸ್ಕ್ರಿಪ್ಟ್‌ಗಳನ್ನು ಬ್ರೌಸರ್‌ನಂತೆ ತರುವುದಿಲ್ಲ. ಹಳೆಯ ಎಚ್‌ಟಿಟಿಪಿ 1.0 ಬಳಸುತ್ತದೆ. ಒಂದೇ ಥ್ರೆಡ್‌ನಲ್ಲಿ ನಡೆಯುವುದರಿಂದ ಕೆಲವೊಮ್ಮೆ ಸರ್ವರ್‌ಗಿಂತ ಮೊದಲು ಎಬಿಯೇ ದಣಿಯುತ್ತದೆ. ಸರ್ವರ್ ಇರುವ ಯಂತ್ರದಲ್ಲೇ ಎಬಿಯನ್ನೂ ಓಡಿಸಿದರೆ ಎರಡೂ ಒಂದೇ ಸಿಪಿಯುಗೆ ಕಿತ್ತಾಡುತ್ತವೆ. ಆದ್ದರಿಂದ ಬೇರೆ ಕಂಪ್ಯೂಟರ್‌ನಿಂದ, ಬೇರೆ ಬೇರೆ -ಸಿ ಮೌಲ್ಯ ಕೊಟ್ಟು, ಪ್ರತಿಯೊಂದನ್ನೂ ಹಲವು ಬಾರಿ ನಡೆಸಿ ನೋಡುವುದು ಒಳ್ಳೆಯದು.

ಬೇರೆಯವರ ಸೈಟ್ ಮೇಲೆ ಬೇಡ

ಅನುಮತಿ ಇಲ್ಲದೆ ಇನ್ನೊಬ್ಬರ ವೆಬ್‌ಸೈಟ್ ಮೇಲೆ ಇಂಥ ಪರೀಕ್ಷೆ ನಡೆಸಬಾರದು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43ರ ಪ್ರಕಾರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಗೆ ಅಡ್ಡಿಪಡಿಸಿದರೆ ಪರಿಹಾರ ಕಟ್ಟಿಕೊಡಬೇಕಾಗುತ್ತದೆ. ವಂಚನೆಯ ಅಥವಾ ಅಪ್ರಾಮಾಣಿಕ ಉದ್ದೇಶವಿದ್ದರೆ ಸೆಕ್ಷನ್ 66ರಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

'ನಮ್ಮ ಸೈಟ್ ಸೆಕೆಂಡಿಗೆ ಇಷ್ಟು ರಿಕ್ವೆಸ್ಟ್ ತಾಳುತ್ತದೆ' ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಕಮಾಂಡ್ ಕೊಟ್ಟಿರಿ? ವರದಿಯಲ್ಲಿ ಅಂಕಿಯ ಪಕ್ಕ ಇಡೀ ಕಮಾಂಡ್ ಬರೆದಿಟ್ಟರೆ ಮುಂದೆ ಅದನ್ನು ಯಾರು ಬೇಕಾದರೂ ಮತ್ತೆ ನಡೆಸಿ ತಾಳೆ ನೋಡಬಹುದು.